ಅವನದ್ದೂ ಒಂದು ಎಚ್‌ಪಿಎಲ್‌ಸಿ ಆಗಲಿ

ಪ್ರೀತಿಯ ಪುಟ್ಟಿ,

ನೀನು ಫೋಟೋ ತೆಗೆದು ಕಳಿಸಿದ ರಿಪೋರ್ಟನ್ನು ನಿನ್ನೆ ರಾತ್ರಿ ಎರಡೆರಡು ಸಲ ಓದಿದೆ. ಹಿಮೋಗ್ಲೋಬಿನ್ 11.2. ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ, 63. ಕೆಂಪು ಕಣಗಳ ಎಣಿಕೆ 5.8. ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ, ಎ2 ಅನ್ನುವ ಬಗೆಯ ಸಾಲಿನಲ್ಲಿ ಶೇ. 5.3. ಕೆಳಗೆ 'ಬೀಟಾ ಥಲಸ್ಸೀಮಿಯಾ ಟ್ರೇಟ್' ಅಂತ ಬರೆದಿದ್ದಾರೆ, ಅಂದರೆ ಆ ರಕ್ತದ ಕಾಯಿಲೆಯ ಜೀನ್ ಒಂದು ಮಾತ್ರ ಇದೆ, ಕಾಯಿಲೆ ಇಲ್ಲ. ಫೋನಿನಲ್ಲಿ ನಿನ್ನ ದನಿ ನಡುಗುತ್ತಿತ್ತು. ಅಳುವಂಥದ್ದು ಏನೂ ಇಲ್ಲ ಕಣೇ. ನನ್ನ ರಿಪೋರ್ಟಿನ ಅಂಕಿಗಳೂ ಹೆಚ್ಚುಕಮ್ಮಿ ಇವೇ. ನಿನ್ನಮ್ಮನೂ ನಾನೂ ಒಂದೇ ತಾಯಿಯ ಮಕ್ಕಳು, ಇದು ಎಲ್ಲಿಂದ ಬಂತು ಅಂತ ತುಂಬಾ ದೂರ ಹುಡುಕಬೇಕಿಲ್ಲ.

ಮೊದಲು ಐರನ್ ಮಾತ್ರೆಯ ವಿಷಯ. ನನಗೆ ಇಪ್ಪತ್ತೈದಾಗಿದ್ದಾಗ ಒಬ್ಬ ಡಾಕ್ಟರು 'ರಕ್ತ ಕಮ್ಮಿ' ಅಂತ ನಾಲ್ಕು ವರ್ಷ ಮಾತ್ರೆ ನುಂಗಿಸಿದರು. ಹಿಮೋಗ್ಲೋಬಿನ್ 11 ಬಿಟ್ಟು ಅಲ್ಲಾಡಲಿಲ್ಲ. ಹೊಟ್ಟೆ ಕೆಟ್ಟಿದ್ದೊಂದೇ ಲಾಭ. ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನ್ನ ರಕ್ತವನ್ನು ನಾನೇ ಮೆಷಿನ್ನಿಗೆ ಹಾಕಿ ನೋಡಿದೆ. ಆಗ ಗುಟ್ಟು ಗೊತ್ತಾಯಿತು. ಆದ್ದರಿಂದ ನೀನು ಫೆರಿಟಿನ್ ನೋಡಿಸು, ಮೈಯಲ್ಲಿ ಕಬ್ಬಿಣ ಎಷ್ಟು ಶೇಖರವಾಗಿದೆ ಅಂತ ಅದು ಹೇಳುತ್ತದೆ. ಕಬ್ಬಿಣ ನಿಜವಾಗಿ ಕಡಿಮೆ ಇದ್ದರೆ ಮಾತ್ರ ಮಾತ್ರೆ. ಸುಮ್ನೆ ನುಂಗಬೇಡ.

ನಿನ್ನ ಎಣಿಕೆ 5.8 ನೋಡಿ 'ಕಣಗಳು ಜಾಸ್ತಿ ಇದ್ದರೂ ರಕ್ತ ಯಾಕೆ ಕಮ್ಮಿ' ಅಂತ ಕೇಳಿದೆ. ಒಳ್ಳೆ ಪ್ರಶ್ನೆ. ಹಿಮೋಗ್ಲೋಬಿನ್ ಅಂದರೆ ನಾಲ್ಕು ಸರಗಳು ಸುತ್ತಿಕೊಂಡ ಒಂದು ಉಂಡೆ. ಎರಡು ಆಲ್ಫಾ, ಎರಡು ಬೀಟಾ. ಆಲ್ಫಾದಲ್ಲಿ 141 ಅಮೈನೋ ಆಮ್ಲದ ಮಣಿಗಳು, ಬೀಟಾದಲ್ಲಿ 146. ಒಂದೊಂದು ಸರದ ಮಡಿಕೆಯಲ್ಲೂ ಒಂದು ಹೀಮ್, ಅದರ ನಡುವೆ ಕಬ್ಬಿಣದ ಒಂದೇ ಒಂದು ಪರಮಾಣು. ಆಮ್ಲಜನಕ ಕೂರುವುದು ಅಲ್ಲಿ. ಮೊದಲನೆಯದು ಕೂರುವುದು ಕಷ್ಟ. ಅದು ಕೂತರೆ ಇಡೀ ಉಂಡೆ ಕೊಂಚ ಮೈ ಹೊರಳಿಸುತ್ತದೆ, ಆಮೇಲೆ ಬರುವವು ಸಲೀಸಾಗಿ ಕೂರುತ್ತವೆ. ದುಡಿಯುತ್ತಿರುವ ಸ್ನಾಯುವಿನ ಹತ್ತಿರ ಹೋದಾಗ ಅಲ್ಲಿನ ಹುಳಿ ಮತ್ತು ಇಂಗಾಲದ ಡೈಆಕ್ಸೈಡ್ ಸೋಕಿ ಹಿಡಿತ ಸಡಿಲವಾಗುತ್ತದೆ. ಹಿಡಿಯುವುದರಷ್ಟೇ ಬಿಡುವುದೂ ಗೊತ್ತಿರಬೇಕಲ್ವಾ! ಈ ಉಂಡೆಯ ಆಕಾರ ಕಂಡುಹಿಡಿಯಲು ಮ್ಯಾಕ್ಸ್ ಪೆರುಟ್ಜ್ ಇಪ್ಪತ್ತು ವರ್ಷಕ್ಕೂ ಜಾಸ್ತಿ ಒದ್ದಾಡಿದರು. 1962ರಲ್ಲಿ ನೊಬೆಲ್ ಬಂತು.

ಬೀಟಾ ಸರ ಕಟ್ಟುವ ಜೀನ್ ನಮಗೆ ಎರಡಿರುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ನಿನ್ನದರಲ್ಲಿ ಒಂದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸರ ಕಡಿಮೆ ಬಿದ್ದು ಕಣಗಳು ಸಣ್ಣವಾದವು. ಅದಕ್ಕೆ ಮೂಳೆಮಜ್ಜೆ ಜಾಸ್ತಿ ಕಣ ಮಾಡಿ ತೂಗಿಸುತ್ತಿದೆ. ಬೀಟಾ ಸಿಗದ ಆಲ್ಫಾಗಳಲ್ಲಿ ಕೆಲವು ಡೆಲ್ಟಾ ಅನ್ನುವ ಇನ್ನೊಂದು ಸರದ ಜೊತೆ ಸೇರುತ್ತವೆ. ಎ2 ಏರಿದ್ದು ಹಾಗೆ. ಸಾಮಾನ್ಯವಾಗಿ ಅದು ಶೇ. 3.5ರ ಒಳಗಿರುತ್ತದೆ. ಇಷ್ಟೇ ನಿನ್ನ ಕಥೆ. ಓಡು, ಈಜು, ಓದು, ಯಾವುದಕ್ಕೂ ಅಡ್ಡಿಯಿಲ್ಲ.

ಆದರೆ ನೀನು ಫೋನ್ ಇಡುವ ಮುಂಚೆ, ನೀನು ಮದುವೆಯಾಗಲಿರುವ ಹುಡುಗನ ಬಗ್ಗೆ ಒಂದು ಮಾತು ಹೇಳಿದೆ. 'ಅವನ ಹಿಮೋಗ್ಲೋಬಿನ್ 14.5 ಇದೆ ದೊಡ್ಡಮ್ಮ, ಅವನಿಗೆ ಟೆಸ್ಟ್ ಬೇಡ.' ಈ ಪತ್ರ ಬರೆಯಲು ಕೂತದ್ದೇ ಆ ಮಾತಿಗೆ.

ಒಂದು ಸಲ ಲ್ಯಾಬಿಗೆ ಒಬ್ಬ ಹುಡುಗನ ರಕ್ತ ಬಂತು. ಗಟ್ಟಿಮುಟ್ಟಾದ ಹುಡುಗ, ಹಿಮೋಗ್ಲೋಬಿನ್ 14ರ ಮೇಲೆ. ಅವನ ಅಕ್ಕನಿಗೆ ಕಾಯಿಲೆ ಇದೆ ಅಂತ ಮನೆಯವರನ್ನೆಲ್ಲ ನೋಡುತ್ತಿದ್ದರು. ಸ್ಲೈಡಿನ ಮೇಲೆ ಒಂದು ಹನಿ ರಕ್ತ, ಅದಕ್ಕೆ ಆಮ್ಲಜನಕ ಕಸಿಯುವ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿ ಕವರ್‌ಸ್ಲಿಪ್ ಮುಚ್ಚಿ, ಗಾಳಿ ಹೋಗದಂತೆ ಅಂಚಿಗೆ ವ್ಯಾಸಲಿನ್ ಬಳಿದು ಇಟ್ಟೆ. ಆಗ ನೋಡಿದರೆ ಗುಂಡು ಗುಂಡಾದ ಕಣಗಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಣ್ಣಿಟ್ಟೆ. ಆಮ್ಲಜನಕ ಖಾಲಿಯಾಗುತ್ತಾ ಒಂದೊಂದೇ ಕಣದ ತುದಿ ಚೂಪಾಗಿ, ಬಾಗಿ, ಕುಡುಗೋಲಿನ ಹಾಗೆ ಆಗಿದ್ದವು. ಅವನು ಸಿಕಲ್ ಸೆಲ್ ಕ್ಯಾರಿಯರ್, ಅಂದರೆ ಕಣಗಳನ್ನು ಹೀಗೆ ಬಾಗಿಸುವ ಜೀನಿನ ಒಂದೇ ಪ್ರತಿ ಇರುವವನು. ಅವನ ದೇಹದೊಳಗೆ ಇವು ಹೀಗೆ ಬಾಗುವ ಸಂದರ್ಭ ಬಹಳ ಅಪರೂಪ, ಹಾಗಾಗಿ ಅವನಿಗೆ ಏನೂ ಅನ್ನಿಸಿಯೇ ಇರಲಿಲ್ಲ. ಮಾಮೂಲಿ ರಕ್ತಪರೀಕ್ಷೆ ಎಷ್ಟಿದೆ ಅಂತ ಹೇಳುತ್ತದೆ, ಎಂಥದ್ದಿದೆ ಅಂತ ಹೇಳುವುದಿಲ್ಲ.

ವ್ಯತ್ಯಾಸವಾದರೂ ಎಷ್ಟು ಅಂತೀಯಾ? ಬೀಟಾ ಸರದ 146 ಮಣಿಗಳಲ್ಲಿ ಆರನೆಯದು ಒಂದೇ. ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲಿನ್. ವರ್ನನ್ ಇಂಗ್ರಾಮ್ ಇದನ್ನು ತೋರಿಸಿದ್ದು 1950ರ ದಶಕದಲ್ಲಿ. ನೀರಿಗೆ ಒಗ್ಗದ ಆ ಮಣಿಯಿಂದಾಗಿ, ಆಮ್ಲಜನಕ ಬಿಟ್ಟ ಉಂಡೆಗಳು ಒಂದಕ್ಕೊಂದು ಅಂಟಿ ಎಳೆ ಎಳೆಯಾಗಿ ಬೆಳೆಯುತ್ತವೆ, ಕಣವನ್ನೇ ಬಗ್ಗಿಸುತ್ತವೆ. ಇಪ್ಪತ್ತಾರನೆಯ ಮಣಿ ಬದಲಾದರೆ ಅದು ಹಿಮೋಗ್ಲೋಬಿನ್ ಇ. ಒಂದೇ ಇ ಜೀನ್ ಇದ್ದವರಿಗೂ ಏನೂ ಗೊತ್ತಾಗುವುದಿಲ್ಲ. ಮಲೇರಿಯಾ ಇದ್ದ ನಾಡುಗಳಲ್ಲಿ ಇಂಥ ಜೀನ್‌ಗಳು ತಲೆಮಾರುಗಳಿಂದ ಉಳಿದು ಬಂದಿವೆ. ಒಂದು ಪ್ರತಿ ಇದ್ದರೆ ಮಲೇರಿಯಾ ಅಷ್ಟಾಗಿ ಕಾಡುವುದಿಲ್ಲ, ಅದಕ್ಕೆ.

ತೊಂದರೆ ಬರುವುದು ಎರಡು ಸೇರಿದಾಗ. ನಿನ್ನ ಬೀಟಾ ಜೀನ್ ಜೊತೆ ಅವನಿಂದಲೂ ಅಂಥದ್ದೇ ಬಂದರೆ ಮಗುವಿಗೆ ಥಲಸ್ಸೀಮಿಯಾ ಮೇಜರ್ ಆಗಬಹುದು, ಕೆಲವು ವಾರಗಳಿಗೊಮ್ಮೆ ರಕ್ತ ಹಾಕಿಸಬೇಕು. ಸಿಕಲ್ ಬಂದರೆ ಅದೂ ಕಾಯಿಲೆಯೇ. ಇ ಬಂದರೂ ಕೆಲವು ಮಕ್ಕಳಲ್ಲಿ ಜೋರಾಗಿಯೇ ಇರುತ್ತದೆ. ಇಬ್ಬರೂ ಕ್ಯಾರಿಯರ್ ಆದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಪ್ರತಿ ಸಲವೂ ಹೊಸದಾಗಿ. 'ಮೊದಲನೆಯದಕ್ಕೆ ಬಂತು, ಇನ್ನು ಮೂವರಿಗೆ ಬರಲ್ಲ' ಅಂತ ಲೆಕ್ಕ ಹಾಕಿದ ಅಪ್ಪಂದಿರನ್ನು ನಾನು ನೋಡಿದ್ದೇನೆ. ಹುಟ್ಟಿದಾಗ ಮಗು ಚೆನ್ನಾಗಿಯೇ ಇರುತ್ತದೆ, ಅದೇ ಮೋಸ. ಹೊಟ್ಟೆಯಲ್ಲಿದ್ದಾಗ ಬೀಟಾ ಬದಲು ಗಾಮಾ ಸರದ ಹಿಮೋಗ್ಲೋಬಿನ್ ಇರುತ್ತದೆ. ಅದು ಇಳಿದು ಬೀಟಾ ಬರಬೇಕಾದ ತಿಂಗಳುಗಳಲ್ಲಿ ಮಗು ಬಿಳಿಚಿಕೊಳ್ಳುತ್ತದೆ. ಆ ಗಾಮಾವನ್ನೇ ಮತ್ತೆ ಎಬ್ಬಿಸುವ ಜೀನ್ ಎಡಿಟಿಂಗ್ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ನನಗೆ ಅದನ್ನು ಓದಿ ರೋಮಾಂಚನವಾಯಿತು, ಆದರೆ ಅದನ್ನು ನಂಬಿ ಟೆಸ್ಟ್ ಬಿಡುವುದು ಜಾಣತನವಲ್ಲ.

ಹಾಗಾಗಿ ಅವನ ಹತ್ತಿರ ನೇರವಾಗಿ ಮಾತಾಡು. 'ನಿನ್ನಲ್ಲಿ ಏನೋ ಕೊರತೆ ಇದೆ' ಅಂತ ಅವನಿಗೆ ಹೇಳುವ ದನಿ ಬೇಡ. 'ನನ್ನದು ನೋಡಿಸಿದೆ, ನಿನ್ನದೂ ಆಗಲಿ' ಅನ್ನು, ಸಾಕು. ಪೂರ್ತಿ ರಕ್ತಪರೀಕ್ಷೆ, ಜೊತೆಗೆ ಎಚ್‌ಪಿಎಲ್‌ಸಿ. ಅವನಿಗೆ ಕಬ್ಬಿಣ ಕಡಿಮೆ ಇದ್ದರೆ ಎ2 ತಗ್ಗಿ ತೋರಿಸಬಹುದು, ಹಾಗಾದರೆ ಕಬ್ಬಿಣ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿಸಲಿ. ಅವನದ್ದು ಸರಿ ಇದ್ದರೆ ಮಕ್ಕಳು ಹೆಚ್ಚೆಂದರೆ ನನ್ನ ನಿನ್ನ ಹಾಗೆ ಇರುತ್ತವೆ. ಅವನೂ ಕ್ಯಾರಿಯರ್ ಆಗಿದ್ದರೆ ಮದುವೆ ಮುರಿಯಬೇಕು ಅಂತ ನಾನು ಹೇಳುವುದಿಲ್ಲ. ಜೆನೆಟಿಕ್ ಕೌನ್ಸೆಲರ್ ಇದ್ದಾರೆ, ಬಸಿರಿನ ಮೊದಲ ತಿಂಗಳುಗಳಲ್ಲೇ ಮಾಡಿಸುವ ಪರೀಕ್ಷೆಗಳಿವೆ. ಮೊದಲೇ ಗೊತ್ತಿದ್ದರೆ ಇಬ್ಬರೂ ಕೂತು ಯೋಚಿಸಲು ಸಮಯ ಸಿಗುತ್ತದೆ.

ನಿನ್ನ ತಮ್ಮನನ್ನೂ ಎಳೆದುಕೊಂಡು ಹೋಗು, ಸೂಜಿ ಅಂದರೆ ಅವನು ತಪ್ಪಿಸಿಕೊಳ್ಳುತ್ತಾನೆ. ರಿಪೋರ್ಟ್ ಬಂದಾಗ ಅಂಕಿಗಳ ಹಾಳೆ ಮಾತ್ರ ಕಳಿಸಬೇಡ. ಗುಡ್ಡದ ಹಾಗೆ ಗೆರೆ ಏರಿಳಿದಿರುವ ಗ್ರಾಫ್ ಇರುತ್ತದಲ್ಲ, ಅದರ ಫೋಟೋ ಕಳಿಸು. ಕೈ ಅಲ್ಲಾಡಿಸದೆ ತೆಗಿ.

ನಿನ್ನ,
ದೊಡ್ಡಮ್ಮ