ರಾಘು, ನಿನ್ನಪ್ಪನ ಕಥೆ ಬಿಡಬೇಡ

ಪ್ರೀತಿಯ ರಾಘು,

ನಿನ್ನ ಪತ್ರ ಸಿಕ್ಕಿತು. ಅಪ್ಪನ ಮೇಲಿನ ಸಿನಿಮಾ ಕಥೆ ಬದಿಗಿಟ್ಟು ಬೆಂಗಳೂರಿನ ಕಾಲೇಜು ಹುಡುಗರ ಮೇಲೆ ಬರೆಯುತ್ತಿದ್ದೇನೆ ಅಂದಿದ್ದೀಯ. ಮೋಟಾರು ರಿಪೇರಿಯವನ ಕಥೆ ಯಾರು ನೋಡುತ್ತಾರೆ ಅಂತ ಒಬ್ಬ ನಿರ್ಮಾಪಕರು ಕೇಳಿದರಂತೆ. ಓದಿ ಬೇಜಾರಾಯಿತು ಮಾರಾಯ.

ನಟೇಶ್ ಹೆಗಡೆ ಹೆಸರು ಕೇಳಿದ್ದೀಯಲ್ಲ, ನಮ್ಮ ಉತ್ತರ ಕನ್ನಡದವರೇ. 'ಕುರ್ಲಿ'ಯಂಥ ಕಿರುಚಿತ್ರ ಮಾಡಿಕೊಂಡಿದ್ದವರು. ಅವರ ಮೊದಲ ದೊಡ್ಡ ಚಿತ್ರ 'ಪೆಡ್ರೊ'. ಅದರ ನಾಯಕ ಊರಲ್ಲಿ ಕರೆಂಟಿನ ಕೆಲಸ ಮಾಡಿಕೊಂಡಿರುವ ನಡುವಯಸ್ಸಿನ ಮನುಷ್ಯ. ಆ ಪಾತ್ರ ಮಾಡಿದ್ದು ಯಾರು ಗೊತ್ತಾ? ನಟೇಶರ ಅಪ್ಪ, ಗೋಪಾಲ ಹೆಗಡೆ! ನಿರ್ಮಾಣಕ್ಕೆ ರಿಷಬ್ ಶೆಟ್ಟಿ ನಿಂತರು. 2021ರಲ್ಲಿ ಚಿತ್ರ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು. ಅದೇ ವರ್ಷ ಚೀನಾದ ಪಿಂಗ್ಯಾವೊ ಉತ್ಸವದಲ್ಲಿ ನಟೇಶರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು.

ಪ್ರಶಸ್ತಿ ಇರಲಿ. ನನ್ನನ್ನು ಹಿಡಿದು ಕೂರಿಸಿದ್ದು ಬೇರೆ. ನಾಯಕ ಪೆಡ್ರೊನ ಕೈತಪ್ಪಿನಿಂದ ಒಂದು ಹಸು ಸಾಯುತ್ತದೆ, ಊರು ಅವನ ಮೇಲೆ ತಿರುಗುತ್ತದೆ. ಅಂಥ ಕಡೆ ನಾವಾಗಿದ್ದರೆ ಕ್ಯಾಮೆರಾ ತಗೊಂಡು ಹೋಗಿ ಅಪ್ಪನ ಮುಖದ ಮೇಲೇ ಇಡುತ್ತಿದ್ದೆವು, ಹಿಂದಿನಿಂದ ಪಿಟೀಲು ಬೇರೆ. ನಟೇಶ್ ದೂರ ನಿಂತು ನೋಡುತ್ತಾರೆ. ಮಳೆ, ಮರ, ಅದರ ನಡುವೆ ಅಪ್ಪ ಸಣ್ಣಗೆ ಕಾಣುತ್ತಾನೆ. 'ಪಾಪ' ಅನ್ನಿ ಅಂತ ನಮ್ಮನ್ನು ಕೇಳುವುದಿಲ್ಲ. ಹೆತ್ತ ಅಪ್ಪನನ್ನೇ ಊರಿನ ಯಾವನೋ ಒಬ್ಬನ ಹಾಗೆ ನೋಡುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಹೇಳು!

ಎರಡನೇ ಚಿತ್ರ 'ವಾಘಾಚಿಪಾಣಿ' ಬರ್ಲಿನ್ ಉತ್ಸವದ ಫೋರಂ ವಿಭಾಗಕ್ಕೆ ಹೋಗಿದ್ದು 2025ರಲ್ಲಿ. ಅಮರೇಶ ನುಗಡೋಣಿಯವರ ಕಥೆ. ಅಚ್ಯುತ್ ಕುಮಾರ್, ಮಲಯಾಳಂನ ದಿಲೀಶ್ ಪೋತನ್ ಥರದ ನಟರು ಅದರಲ್ಲಿದ್ದಾರೆ. ನಡುವೆ ನಾಲ್ಕು ವರ್ಷ ಹೋಯಿತು, ನೋಡು. ನೀನು ಆರು ತಿಂಗಳಿಗೇ ಸುಸ್ತಾಗಿದ್ದೀಯ.

ಚಿಕ್ಕವರಿದ್ದಾಗ ನಿಮ್ಮ ಜಗಲಿ ಮೇಲೆ ಕೂತು ಅಪ್ಪ ವೈಂಡಿಂಗ್ ಮಾಡುವುದನ್ನು ನೋಡುತ್ತಿದ್ದೆವಲ್ಲ. ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು. ಒಂದೊಂದು ಸುತ್ತನ್ನೂ ಮನಸ್ಸಲ್ಲೇ ಎಣಿಸುತ್ತಿದ್ದರು. ನಾವು ಮಾತಾಡಿದರೆ ತಲೆ ಎತ್ತದೆ ಎಡಗೈ ಮಾತ್ರ ಎತ್ತುತ್ತಿದ್ದರು, ಸುಮ್ಮನಿರಿ ಅಂತ. ಲೆಕ್ಕ ತಪ್ಪಿದರೆ ಎಲ್ಲ ಬಿಚ್ಚಿ ಮೊದಲಿಂದ. ಒಮ್ಮೆ ನನ್ನ ದೆಸೆಯಿಂದಲೇ ತಪ್ಪಿತು. ಬೈಯಲಿಲ್ಲ. ತಂತಿ ಬಿಚ್ಚತೊಡಗಿದರು, ಅಷ್ಟೇ. ಆ ಎತ್ತಿದ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದನ್ನು ನೀನಲ್ಲದೆ ಇನ್ಯಾರು ತೆಗೆಯುತ್ತಾರೆ?

ಶುಕ್ರವಾರ ರಾತ್ರಿ ಬಸ್ಸಿಗೆ ಬರುತ್ತೇನೆ. ಟ್ರೈಪಾಡ್, ಮೈಕು ಎರಡೂ ತರುತ್ತೇನೆ. ಶನಿವಾರಕ್ಕೆ ಒಂದು ಸುಟ್ಟ ಮೋಟಾರು ಇಟ್ಟುಕೊಂಡಿರಲು ಹೇಳು. ಅಮ್ಮ ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಟ್ಟರೆ ಬೇಡ ಅನ್ನು. ವಾರ್ನಿಶ್ ಕಲೆ ಇರುವ ಆ ಹಳೇ ಅಂಗಿಯೇ ಇರಲಿ.

ನಿನ್ನ,
ಸುಬ್ಬು