ಅಟ್ಟದ ನಕ್ಷೆಗಳನ್ನು ಉಳಿಸಿಕೊಳ್ಳೋಣ

ಮಾನ್ಯ ಸಂಪಾದಕರೇ,

ಮೊನ್ನೆ ಅಂಕೋಲೆಯ ಅಜ್ಜನ ಮನೆ ಅಟ್ಟದಲ್ಲಿ ಹಳೇ ಸರ್ವೆ ನಕ್ಷೆ ಸಿಕ್ಕಿತು. ಬಟ್ಟೆಗೆ ಅಂಟಿಸಿದ ಕಾಗದ. ಗಜನಿ ಗದ್ದೆ (ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ), ಹಳ್ಳ, ಕಾಲುದಾರಿ ಎಲ್ಲ ಸಣ್ಣ ಗೆರೆಗಳಲ್ಲಿವೆ. ಮಡಿಕೆಗಳೆಲ್ಲ ಹರಿದಿವೆ, ಒಂದು ಮೂಲೆಗೆ ಬೂಷ್ಟು ಹಿಡಿದಿದೆ. ನಮ್ಮ ಮಳೆಗಾಲ ಕಾಗದವನ್ನು ಬಿಡುತ್ತದಾ?

ನಮ್ಮ ಉತ್ತರ ಕನ್ನಡ ಜಿಲ್ಲೆ 1862ರವರೆಗೆ ಮದ್ರಾಸ್ ಪ್ರಾಂತ್ಯಕ್ಕೆ, ಆಮೇಲೆ 1956ರವರೆಗೆ ಮುಂಬೈಗೆ ಸೇರಿತ್ತು. ಹಾಗಾಗಿ ನಮ್ಮ ದಾಖಲೆಗಳು ಊರೂರಿಗೆ ಹಂಚಿಹೋಗಿವೆ. ಶಿರಸಿಯ ವಿದ್ಯಾರ್ಥಿ ತನ್ನೂರ ಹಳೇ ಕಡತ ನೋಡಲು ಅಲ್ಲಿಗೆಲ್ಲ ಅಲೆಯಬೇಕು ಅಲ್ವಾ?

1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಕಾಲದ ಫೋಟೋ, ಪತ್ರಗಳು ಇನ್ನೂ ಯಾರದೋ ಟ್ರಂಕಿನಲ್ಲಿರಬಹುದು. ಪತ್ರಾಗಾರ ಇಲಾಖೆ ಕಾರವಾರದಲ್ಲಿ ಸ್ಕ್ಯಾನಿಂಗ್ ಶಿಬಿರ ನಡೆಸಲಿ. ಮೂಲಪ್ರತಿ ಮನೆಯವರಿಗೇ ವಾಪಸ್ ಸಿಗಲಿ. ನಮ್ಮ ನಕ್ಷೆಯನ್ನು ಮೊದಲು ನಾನೇ ತರುತ್ತೇನೆ.

– ಓದುಗ, ಕಾರವಾರ