ಹಿಂದೆ ನೋಡು ಪುಟ್ಟಿ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು "ಅಪ್ಪಾ, ಇದು ನನ್ನ ಕೈಲಿ ಆಗಲ್ಲ ಅನ್ಸುತ್ತೆ" ಅಂದೆ. ನಾನು "ಆಗುತ್ತೆ ಬಿಡು" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನನಗೇ ಬೇಜಾರಾಯಿತು. ಸಾಮಾನು ಎತ್ತಿಡುವ ಫೋರ್ಕ್‌ಲಿಫ್ಟ್ ಗಾಡಿಯನ್ನು 22 ವರ್ಷ ಓಡಿಸಿದವನು, ಈಗ ಅದನ್ನೇ ಕಲಿಯುತ್ತಿರುವ ಮಗಳಿಗೆ ಹೇಳುವುದು ಅಷ್ಟೇನಾ? ಅದಕ್ಕೇ ಬರೆಯೋಕೆ ಕೂತೆ.

ನಿನ್ನ ಜೊತೆ ಸೇರಿದವರು ಆಗಲೇ ರ‍್ಯಾಕ್‌ನ ಎರಡನೇ ಅಂತಸ್ತಿಗೆ ಲೋಡ್ ಏರಿಸುತ್ತಿದ್ದಾರೆ, ನಿನಗಿನ್ನೂ ಸಾಮಾನು ಇಡುವ ಮರದ ಪ್ಯಾಲೆಟ್ ಒಳಗೆ ಗಾಡಿಯ ಮುಂದಿನ ಕಬ್ಬಿಣದ ತೋಳು, ಆ ಫೋರ್ಕ್, ನೆಟ್ಟಗೆ ಹೋಗುತ್ತಿಲ್ಲ ಅಂದೆಯಲ್ಲ. ಏರಿಸಲಿ ಬಿಡು. ಮೊದಲ ವಾರವೇ ಜೋರಾಗಿ ಓಡಿಸುವವರನ್ನು ಕಂಡರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ.

ನೀನು ಹೇಳಿದ್ದನ್ನೆಲ್ಲ ಕೇಳಿದಾಗ ನನಗೆ ಒಂದು ಅನ್ನಿಸಿತು. ನಿನ್ನ ಹೆದರಿಕೆಯೆಲ್ಲ ಮುಂದಿನ ಫೋರ್ಕ್ ಮೇಲೆ. ಎಲ್ಲಿ ಯಾವುದಕ್ಕೆ ಚುಚ್ಚಿಬಿಡುತ್ತೋ ಅಂತ ಅದನ್ನೇ ದಿಟ್ಟಿಸುತ್ತೀಯ. ಆದರೆ ಈ ಗಾಡಿ ತಿರುಗುವುದು ಹಿಂದಿನ ಚಕ್ರದಿಂದ ಕಣೇ. ಕಾರಿನ ಹಾಗಲ್ಲ. ನೀನು ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ, ದನ ಬಾಲ ಬೀಸಿದ ಹಾಗೆ. ಬರೀ ಬಾಲವಲ್ಲ, ಭಾರಕ್ಕೆ ಅಂತಲೇ ಇಟ್ಟ ಕಬ್ಬಿಣದ ದಿಮ್ಮಿ ಇರುವುದೂ ಅಲ್ಲೇ.

ನನಗೆ ಇದು ಗೊತ್ತಾಗಿದ್ದು ಎರಡನೇ ತಿಂಗಳಲ್ಲಿ. ರ‍್ಯಾಕ್‌ಗಳ ನಡುವೆ ತಿರುಗುತ್ತಿದ್ದೆ, ಕಣ್ಣು ಫೋರ್ಕ್ ತುದಿಯಲ್ಲಿ. ಹಿಂದೆ ಧಡ್ ಅಂತು. ಇಳಿದು ನೋಡಿದರೆ ರ‍್ಯಾಕ್‌ನ ಕಂಬ ಮೊಣಕಾಲೆತ್ತರದಲ್ಲಿ ಒಳಕ್ಕೆ ಬಾಗಿದೆ. ಯಾರೂ ನೋಡಿರಲಿಲ್ಲ. ನಾನೇನು ಮಾಡಿದೆ ಗೊತ್ತಾ? ಒಂದು ಖಾಲಿ ಪ್ಯಾಲೆಟ್ ತಂದು ಅದರ ಮುಂದೆ ನಿಲ್ಲಿಸಿದೆ. ಹತ್ತು ನಿಮಿಷ ಸುಮ್ನೆ ಓಡಾಡಿದೆ. ಆ ಕಂಬದ ಮೇಲೆ ನಾಲ್ಕು ಅಂತಸ್ತು ಸಾಮಾನು ಇತ್ತು, ಕೆಳಗೆ ಜನ ನಡೆಯುತ್ತಿದ್ದರು. ಕೊನೆಗೆ ಹೋಗಿ ಮೇಸ್ತ್ರಿಗೆ ಹೇಳಿದೆ. ಅವರು ಬೈಯಲಿಲ್ಲ. ಜನ ಬಾರದ ಹಾಗೆ ಹಗ್ಗ ಕಟ್ಟಿಸಿ, ಆ ಸಾಲನ್ನು ಪೂರ್ತಿ ಖಾಲಿ ಮಾಡಿಸಿದರು. ಬಾಗಿದ ಕಂಬ ಮೊದಲಿನಷ್ಟು ಭಾರ ಹೊರುವುದಿಲ್ಲ, ಅದಕ್ಕೆ. ಮಾರನೇ ದಿನ ಖಾಲಿ ಜಾಗದಲ್ಲಿ ನನ್ನ ಕೈಲಿ ಅರ್ಧ ಗಂಟೆ ಬರೀ ತಿರುವು ಹಾಕಿಸಿದರು, ಒಂದೊಂದು ತಿರುವಿಗೂ ಹಿಂದೆ ನೋಡಿಸುತ್ತಾ. ಕುತ್ತಿಗೆ ಹಿಡಿದುಕೊಂಡಿತು. ನೀನೂ ಹಾಗೆ ಕೇಳಿಕೊಂಡು ಮಾಡು.

ಇನ್ನು ಫೋರ್ಕ್ ಒಳಗೆ ಹಾಕುವುದು. ಓಡುತ್ತಾ ಬಂದು ಹಾಗೇ ನುಗ್ಗಿಸಬೇಡ. ಪ್ಯಾಲೆಟ್‌ಗೆ ಒಂದು ಮೊಳ ಇರುವಾಗಲೇ ನಿಂತುಬಿಡು. ಗಾಡಿ ನೇರ ಇದೆಯಾ? ಹಿಂದಿನ ಚಕ್ರ ನೇರ ಇದೆಯಾ? ಫೋರ್ಕ್ ಮಟ್ಟವಾಗಿದೆಯಾ? ಆಮೇಲೆ ಮೆಲ್ಲಗೆ ಬಿಡು, ಕಿವಿ ಕೊಟ್ಟು. ನೆಟ್ಟಗೆ ಹೋದರೆ ಏನೂ ಕೇಳಿಸುವುದಿಲ್ಲ. ಮರಕ್ಕೆ ತಾಗಿದರೆ ಕರ್ ಅಂತ ಉಜ್ಜುವ ಸದ್ದು ಬರುತ್ತದೆ, ಪ್ಯಾಲೆಟ್ ಒಂಚೂರು ಹಿಂದೆ ಸರಿಯುತ್ತದೆ. ಆಗ ತಳ್ಳಬೇಡ. ಹಿಂದೆ ತಗೊಂಡು ಮತ್ತೆ ಬಾ. ಮೂರು ಸಲ ಆದರೂ ಸರಿ, ಹಿಂದೆ ಕಾಯುವವರು ಕಾಯಲಿ. ಫೋರ್ಕ್ ಬುಡದಲ್ಲಿರುವ ತಡೆಗೆ ಲೋಡ್ ಅಂಟಿಕೊಳ್ಳುವಷ್ಟು ಒಳಗೆ ಹೋಗಬೇಕು. ಆಮೇಲೆ ಸ್ವಲ್ಪ ಎತ್ತಿ, ಮಾಸ್ಟ್, ಅಂದರೆ ಫೋರ್ಕ್ ಏರಿಳಿಯುವ ಕಂಬ, ಅದನ್ನು ನಿನ್ನ ಕಡೆಗೆ ಒಂಚೂರು ವಾಲಿಸು. ಓಡಿಸುವಾಗ ನೆಲದಿಂದ 10–15 ಸೆಂಟಿಮೀಟರ್ ಇದ್ದರೆ ಸಾಕು. ಮುಂದೇನೂ ಕಾಣದಷ್ಟು ಎತ್ತರದ ಲೋಡ್ ಆದರೆ ರಿವರ್ಸ್‌ನಲ್ಲೇ ಹೋಗು. ಲೋಡ್ ಇಟ್ಟುಕೊಂಡು ಇಳಿಜಾರು ಇಳಿಯುವಾಗಲೂ ಅಷ್ಟೇ, ಲೋಡ್ ಯಾವಾಗಲೂ ಏರಿನ ಕಡೆಗಿರಬೇಕು.

ಗಾಡಿ ಮೇಲಿರುವ ತಗಡಿನ ಫಲಕ ಓದಿದೆಯಾ? 2,500 ಕೆಜಿ ಅಂತ ಇದ್ದರೆ ಪಕ್ಕದಲ್ಲೇ 500 ಮಿಲಿಮೀಟರ್ ಅಂತಲೂ ಇರುತ್ತದೆ. ಭಾರದ ನಡುಮಧ್ಯ ಫೋರ್ಕ್‌ನ ಬುಡದಿಂದ ಅಷ್ಟು ದೂರದೊಳಗೆ ಇದ್ದರೆ ಮಾತ್ರ ಆ 2,500. ಉದ್ದನೆಯ ಪೆಟ್ಟಿಗೆ ಆದರೆ ಅದಕ್ಕಿಂತ ಕಡಿಮೆಯೇ ಎತ್ತಬೇಕು. ತಕ್ಕಡಿ ಇದ್ದ ಹಾಗೆ ಇದು. ಮುಂದಿನ ಚಕ್ರವೇ ನಡುಗಂಬ, ಒಂದು ಕಡೆ ಲೋಡ್, ಇನ್ನೊಂದು ಕಡೆ ಗಾಡಿಯ ಭಾರ.

ಬರೆಯೋಕೆ ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ನೀನು ಕಲಿಯುತ್ತಿರುವ, ಕೂತು ಓಡಿಸುವ ಗಾಡಿ ಅಕಸ್ಮಾತ್ ಮಗುಚಿದರೆ ಹೊರಗೆ ಹಾರಬೇಡ. ಹಾರಿದವರ ಮೇಲೇ ತಲೆ ಮೇಲಿನ ಚೌಕಟ್ಟು ಬೀಳುವುದು. ಬೆಲ್ಟ್ ಹಾಕಿರಬೇಕು, ಸ್ಟೀರಿಂಗ್ ಗಟ್ಟಿ ಹಿಡಿದು, ಕಾಲು ಒತ್ತಿ, ಬೀಳುವ ಕಡೆಗೆ ವಿರುದ್ಧವಾಗಿ ವಾಲಬೇಕು. ಖಾಲಿ ಗಾಡಿಯಲ್ಲೂ ಬೆಲ್ಟ್ ಬೇಕು. ಖಾಲಿ ಅಂತ ಜೋರಾಗಿ ತಿರುಗಿಸಿದಾಗಲೂ ಮಗುಚುತ್ತದೆ.

ಇನ್ನೊಂದು, ನನಗೆ ಜಾಸ್ತಿ ಚಿಂತೆ ಇದರದ್ದೇ. ಯಾರೋ ಹಳಬರು ಬಂದು "ಫೋರ್ಕ್ ಮೇಲೆ ನಿಂತ್ಕೋತೀನಿ, ಒಂದೇ ನಿಮಿಷ ಎತ್ತಮ್ಮ, ಆ ಪೆಟ್ಟಿಗೆ ತಗೋಬೇಕು" ಅನ್ನುತ್ತಾರೆ. ಹೊಸಬರನ್ನೇ ಹುಡುಕಿಕೊಂಡು ಬರುತ್ತಾರೆ, ಇಲ್ಲ ಅನ್ನೋಕೆ ನಾಚಿಕೆ ಅಲ್ವಾ. ಬೇಡ. ಕೀ ತೆಗೆದು ಜೇಬಿಗೆ ಹಾಕಿಕೋ. "ನಮ್ಮಪ್ಪ ಬೈತಾರೆ" ಅಂದರೂ ನನಗೇನೂ ಬೇಸರವಿಲ್ಲ.

ಕೈ ನಡುಗುತ್ತದೆ ಅಂದೆಯಲ್ಲ, ಬೆಳಿಗ್ಗೆ ಹತ್ತುವ ಮೊದಲು ಗಾಡಿ ಸುತ್ತ ನಿಧಾನವಾಗಿ ಒಂದು ಸುತ್ತು ಬಾ. ಟೈರ್, ಚೈನ್, ಫೋರ್ಕ್‌ನಲ್ಲಿ ಬಿರುಕು, ನೆಲದಲ್ಲಿ ಎಣ್ಣೆ ತೊಟ್ಟಿಕ್ಕಿದೆಯಾ ನೋಡು. ಹತ್ತಿ ಕೂತು ಹಾರ್ನ್, ಬ್ರೇಕ್ ನೋಡು. ಹೇಗೂ ಮಾಡಲೇಬೇಕಾದ ಕೆಲಸ, ಅಷ್ಟರಲ್ಲಿ ಕೈಯೂ ಸುಮ್ಮನಾಗಿರುತ್ತದೆ. ನನ್ನದಂತೂ ಆಗುತ್ತಿತ್ತು.

ಹಾಂ, ಸೀಟು. ನಿನಗಿಂತ ಮೊದಲು ಓಡಿಸಿದವರು ಉದ್ದ ಇದ್ದಿರಬಹುದು. ನೀನು ಸೀಟು ಮುಂದಕ್ಕೆ ಎಳೆದುಕೊಳ್ಳದೆ ಕಾಲು ಚಾಚಿಕೊಂಡೇ ಬ್ರೇಕ್ ತುಳಿಯುತ್ತಿದ್ದೀಯೇನೋ ಅಂತ ನನಗೆ ಅನುಮಾನ. ಸೀಟಿನ ಅಡಿಯಲ್ಲಿ ಒಂದು ಹಿಡಿ ಇರುತ್ತದೆ. ನಾಳೆ ನೋಡಿ ಫೋನ್ ಮಾಡು.

ಇಂತಿ,
ನಿನ್ನ ಅಪ್ಪ